ಮೂರನೆಯ ಹೊರಬಾಗಿಲು

ಭಾನುವಾರ, ಬೆಳಿಗ್ಗೆ

ಗೋಡೆಯ ಆಚೆ ಬದಿಯಲ್ಲಿ ವಾಸವಾಗಿರುವ ಚಿರಂಜೀವಿ ತಮ್ಮನಿಗೆ, ಈಚೆ ಬದಿಯ ಅಕ್ಕ ಹರಸಿ ಬರೆಯುವುದು. ಎಷ್ಟೇ ಕೋಪವಿದ್ದರೂ ಆಶೀರ್ವಾದವನ್ನು ತಡೆಹಿಡಿಯುವ ಅಧಿಕಾರ ಹಿರಿಯರಿಗಿಲ್ಲ. ಆದ್ದರಿಂದ ಅದನ್ನು ಮೊದಲು ಸಂದಾಯ ಮಾಡಿ, ಉಳಿದದ್ದನ್ನು ಆಮೇಲೆ ಬರೆಯುತ್ತಿದ್ದೇನೆ.

ನಿನ್ನೆ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಹೊರಗೆ, ಕುಡಿಯುವ ನೀರಿನ ಯಂತ್ರದ ಪಕ್ಕದ ಬೆಂಚಿನ ಮೇಲೆ, ನಿನ್ನ ಹೆಂಡತಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ನೀನು ಔಷಧಿ ತರಲು ಕೆಳಗೆ ಹೋಗಿದ್ದೆಯಾದ್ದರಿಂದ ಆ ಪ್ರಶ್ನೆಯನ್ನು ಯಥಾವತ್ತಾಗಿ ಇಲ್ಲಿ ನಕಲು ಮಾಡುತ್ತೇನೆ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅತ್ತೆ ಬಿದ್ದಾಗ ನೀವು ಗೋಡೆ ಆ ಕಡೆನೇ ಇದ್ರಲ್ಲ. ಒಂಚೂರೂ ಕೇಳಿಸ್ಲಿಲ್ವಾ?" ಎಂದಳು. ತಪ್ಪು ತಿಳಿಯಬೇಡಿ ಎಂದು ಶುರುವಾಗುವ ಮಾತಿನಲ್ಲಿ ತಿಳಿಯುವುದಕ್ಕೆ ತಪ್ಪಲ್ಲದೆ ಬೇರೇನೂ ಇರುವುದಿಲ್ಲ. ನಾನು ಉತ್ತರ ಕೊಡಲಿಲ್ಲ. ರೋಗಿಗಳ ತಳ್ಳುಗಾಡಿಗೆ ದಾರಿ ಬಿಡುತ್ತಾ ನಿಂತು ಹೇಳಬಹುದಾದ ಉತ್ತರ ಅದಾಗಿರಲಿಲ್ಲ. ವಕೀಲರ ಕಚೇರಿಯಲ್ಲಿ ಕಂಡವರ ಅರ್ಜಿಗಳನ್ನು ನಕಲು ಮಾಡುತ್ತಲೇ ತಲೆ ನರೆಸಿಕೊಂಡು ಮನೆ ಸೇರಿದವಳು ನಾನು. ನಾಲಿಗೆಗಿಂತ ಕೈ ನನಗೆ ಹೆಚ್ಚು ವಿಧೇಯವಾಗಿದೆ. "ನಮ್ಮಕ್ಕ ಬೈಯೋದಿದ್ರೂ ಮೊದ್ಲು ಒಂದು ಅರ್ಜಿ ಬರೀತಾಳೆ" ಎಂದು ನೀನು ಎಲ್ಲರೆದುರು ಹಾಸ್ಯ ಮಾಡುತ್ತಿದ್ದೆ. ಹಾಗೆಯೇ ಎಂದುಕೊಂಡು ಓದು. ಓದಿದ ಮೇಲೆ ಅವಳಿಗೂ ಓದಿ ಹೇಳು.

ಮೊದಲಿಗೆ, ನೀವಿಬ್ಬರೂ ಮರೆತಿರುವ ಒಂದು ಸಂಗತಿಯನ್ನು ನೆನಪಿಗೆ ತರಬಯಸುತ್ತೇನೆ. ಅಪ್ಪ ಕಟ್ಟಿಸಿದ ಮನೆ ನಮ್ಮಿಬ್ಬರಿಗೂ ಪಾಲಾದಾಗ, ಮೇಸ್ತ್ರಿ ನಡುಮನೆಯ ಮಧ್ಯೆ ದಾರ ಎಳೆದು ಇಟ್ಟಿಗೆಯ ಮೊದಲ ಸಾಲು ಇಡುವ ಹೊತ್ತಿಗೆ, ಅಮ್ಮ ಆ ದಾರದ ಮೇಲೆಯೇ ಕುರ್ಚಿ ಹಾಕಿಕೊಂಡು ಕುಳಿತಳು. "ಕಟ್ಕೊಳ್ರಪ್ಪ, ಬೇಡ ಅನ್ನಲ್ಲ. ನಾನು ಕೂತಿರೋ ಜಾಗ ಒಂದು ಬಿಟ್ಟು ಕಟ್ಟಿ" ಎಂದಳು. ಮೇಸ್ತ್ರಿ ಕುರ್ಚಿಯ ಎರಡೂ ಬದಿಗೆ ಸೀಮೆಸುಣ್ಣದ ಗೆರೆ ಹಾಕಿದ. ಹಾಗೆ ಹುಟ್ಟಿದ್ದು ನಡುಬಾಗಿಲು. ಅಮ್ಮ ಆಗ ಮೈತುಂಬಿಕೊಂಡಿದ್ದುದರಿಂದ ಅದು ಈ ಮನೆಯ ಬಾಗಿಲುಗಳಲ್ಲೆಲ್ಲ ಅಗಲವಾದದ್ದು ಎಂದು ಬಂದವರಿಗೆಲ್ಲ ತೋರಿಸಿ ನಗಿಸುತ್ತಿದ್ದವನು ನೀನೇ. ಸದರಿ ಬಾಗಿಲಿಗೆ ನಿನ್ನ ಕಡೆಯಿಂದಾಗಲಿ ನನ್ನ ಕಡೆಯಿಂದಾಗಲಿ ಯಾರೂ ಒಂದು ದಿನವೂ ಚಿಲಕ ಹಾಕಿದ್ದಿಲ್ಲ.

ಬಚ್ಚಲು ಒಳಗೇ ಇದ್ದದ್ದು ನಿನ್ನ ಪಾಲಿನಲ್ಲಿ. ಆದ್ದರಿಂದ ಅಮ್ಮನ ಮಂಚ ಅಲ್ಲಿ ಬಿತ್ತು. ತಲೆದಿಂಬನ್ನು ಮಾತ್ರ ಅವಳು ನಡುಬಾಗಿಲ ಕಡೆಗೆ ಇಡಿಸಿಕೊಂಡಳು. ಬೆಳಿಗ್ಗೆ ನೀನು ಬಸ್ ಡಿಪೋದ ಉಗ್ರಾಣಕ್ಕೆ, ನಿನ್ನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿಗೆ ಹೊರಟುಹೋದ ಮೇಲೆ ಸಂಜೆಯವರೆಗೆ ಅಮ್ಮ ನನ್ನವಳು. ಸ್ಟೀಲ್ ಲೋಟದಿಂದ ಬಾಗಿಲಿಗೆ ಎರಡು ಸಲ ತಟ್ಟಿ "ಬಾರೇ" ಎನ್ನುತ್ತಿದ್ದಳು, ನಾನು ಹೋಗುತ್ತಿದ್ದೆ. ಬಚ್ಚಲಿಗೆ ಕರೆದೊಯ್ಯುವುದು, ತಲೆ ಬಾಚುವುದು, ರೇಡಿಯೋದ ಸದ್ದಿನ ಬಗ್ಗೆ ಜಗಳವಾಡುವುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹೀಗಿರುವಲ್ಲಿ, ಎದುರುಮನೆಯ ಬೀಗ ಒಡೆದು ಕಳ್ಳರು ನುಗ್ಗಿದ ವಾರ ನೀನು ಒಬ್ಬ ಫಿಟ್ಟರನ್ನು ಕರೆಸಿದೆ. ಮನೆಗೆ ಕಾವಲಿನ ಅಲಾರಂ ಹಾಕಿಸುವುದನ್ನು ನಾನು ಆಕ್ಷೇಪಿಸಿದವಳಲ್ಲ. ನಾನು ನನ್ನ ಕಡೆ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ನಿಮ್ಮ ಮಾತೆಲ್ಲ ಕೇಳಿಸುತ್ತಿತ್ತು. "ವೈರು ಬೇಡ, ಗೋಡೆ ಕೊರಿಯೋದೂ ಬೇಡ ಸಾರ್, ಬರೀ ಅಂಟಿಸೋದು" ಎಂದ ಅವನು. ಆಮೇಲೆ, "ಹೊರಗಿನ ಬಾಗಿಲು ಎಷ್ಟು ಸಾರ್?" ಎಂದು ಕೇಳಿದ.

ನಾನು ಮನಸ್ಸಿನಲ್ಲೇ ಎರಡು ಎಂದೆ. ಬೀದಿಬಾಗಿಲು, ಹಿತ್ತಲ ಬಾಗಿಲು.

ನೀನು "ಮೂರು" ಎಂದೆ.

ಆತ ಮೊದಲೆರಡನ್ನು ಮುಗಿಸಿಕೊಂಡು ನಡುಬಾಗಿಲಿಗೆ ಬಂದ. ಬಟ್ಟೆಯಿಂದ ಚೌಕಟ್ಟನ್ನು ಒರೆಸುವ ಸದ್ದು ನನಗೆ ಕೇಳಿಸಿತು. "ಈ ದೊಡ್ಡ ಡಬ್ಬಿ ಚೌಕಟ್ಟಿಗೆ, ಚಿಕ್ಕ ತುಂಡು ಬಾಗಿಲಿಗೆ. ಚಿಕ್ಕದರಲ್ಲಿ ಏನಿಲ್ಲ, ಬರೀ ಅಯಸ್ಕಾಂತ. ಎರಡರ ಮಧ್ಯೆ ಒಂದು ಬೆರಳಿಗಿಂತ ಜಾಸ್ತಿ ಸಂದಿ ಬಿತ್ತು ಅನ್ನಿ, ಬಾಗಿಲು ತೆಗೆದ್ರು ಅಂತ ನಿಮ್ಮ ಫೋನಿಗೆ ಸುದ್ದಿ ಬರುತ್ತೆ. ನೀವು ಎಲ್ಲಿದ್ರೂ ಬರುತ್ತೆ" ಎಂದು ವಿವರಿಸಿದ. ಪರೀಕ್ಷೆಗೆಂದು ಬಾಗಿಲು ತೆರೆದ. ಟಿ.ವಿ. ಪಕ್ಕದಲ್ಲಿ ಇಟ್ಟ ಅಲಾರಂ ಯಂತ್ರ ಟಿಂಗ್ ಎಂದಿತು. ಎದುರಿಗೆ ಕುರ್ಚಿಯಲ್ಲಿ ನಾನು. ಅವನು ಬೆಚ್ಚಿಬಿದ್ದು, "ಒಳಗೆ ಜನ ಇದಾರೆ ಸಾರ್" ಎಂದ. "ನಮ್ಮಕ್ಕ" ಎಂದೆ ನೀನು. "ಹಾಗಾದ್ರೆ ಇದು ಒಳಬಾಗಿಲಲ್ವಾ?" ಎಂದು ಕೇಳಿದ, ಪಾಪ. ಅದಕ್ಕೆ ನೀನು ಕೊಟ್ಟ ಉತ್ತರವನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. "ಆ ಕಡೆ ಬೀದಿಬಾಗಿಲು ಯಾವಾಗ್ಲೂ ತೆಗೆದೇ ಇರುತ್ತೆ ಕಣಪ್ಪ. ಅಲ್ಲಿಂದ ಯಾರು ಬೇಕಾದ್ರೂ ಬರಬಹುದು."

ಆ 'ಯಾರು ಬೇಕಾದರೂ' ಎಂಬುದರಲ್ಲಿ ನಾನು ಸೇರಿದ್ದೇನೆಯೋ ಇಲ್ಲವೋ ಎಂದು ನಾನು ಕೇಳಬಹುದಾಗಿತ್ತು. ಕೇಳಲಿಲ್ಲ. ನೀನೇ ಒಳಬಂದು, "ನಿನ್ನ ಬೀದಿಬಾಗಿಲಿಗೂ ಒಂದು ಹಾಕಿಸ್ಲಾ ಅಕ್ಕ? ಆಗ ನಡುವಿನದು ಬೇಕಾಗಲ್ಲ" ಎಂದೆ. "ನನ್ನ ಮನೇಲಿ ಕದಿಯೋಕೆ ಏನಿದೆ? ನನ್ನ ಅಕ್ಷರ ಕದ್ಕೊಂಡು ಹೋಗ್ತಾರಾ?" ಎಂದೆ ನಾನು. ನೀನು ನಕ್ಕು, "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ" ಎಂದೆ. ಫಿಟ್ಟರೂ ನಕ್ಕ. ಒಡಹುಟ್ಟಿದವರ ನಡುವಿನ ಗಾದೆ ಹೊರಗಿನವನ ನಗುವಿಗೆ ಆಹಾರವಾದರೆ ಅದು ಗಾದೆಯಾಗಿ ಉಳಿಯುವುದಿಲ್ಲ. ನೀನು ಬುದ್ಧಿವಂತ, ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ಆ ಬಾಗಿಲಿಗೆ ಅವನು 'ಹೊರಬಾಗಿಲು ಮೂರು' ಎಂದು ಹೆಸರು ಹಾಕಿದ. ಅಮ್ಮ ಕುರ್ಚಿ ಹಾಕಿ ಕುಳಿತು ಗಳಿಸಿದ ಬಾಗಿಲಿಗೆ ಅಂದು ನಾಮಕರಣವಾಯಿತು.

ಆದರೂ ನಾನು ಹೋಗುವುದನ್ನು ನಿಲ್ಲಿಸಿರಲಿಲ್ಲವೆಂಬುದನ್ನು ನೀನು ಗಮನಿಸಬೇಕು. ಅದೇ ವಾರ ಒಂದು ಮಧ್ಯಾಹ್ನ ಅಮ್ಮ ಲೋಟ ತಟ್ಟಿದಳು, ನಾನು ಬಾಗಿಲು ತೆರೆದೆ. ಮಂಚದ ಬಳಿ ಸೇರುವಷ್ಟರಲ್ಲಿ ಸೆರಗಿನಲ್ಲಿದ್ದ ಫೋನು ಬಡಿದುಕೊಂಡಿತು. "ಅಕ್ಕ, ಈಗ ಬಾಗಿಲು ತೆಗೆದದ್ದು ನೀನೇ ತಾನೆ?" ಎಂದೆ ನೀನು, ಡಿಪೋದಿಂದ.

"ಅಲ್ಲ, ಕಳ್ಳ. ನಿಮ್ಮಮ್ಮನ್ನ ಬಚ್ಚಲಿಗೆ ಕರ್ಕೊಂಡು ಹೋಗೋಕೆ ಬಂದಿದಾನೆ" ಎಂದು ಹೇಳಿ ಇಟ್ಟೆ. ಅಮ್ಮ ಯಾರೇ ಅದು ಎಂದಳು. ನಿನ್ನ ಮಗ, ಕಾವಲು ಕಾಯ್ತಿದಾನೆ ಎಂದೆ. ನನ್ನ ಹೆತ್ತ ತಾಯಿಯ ಬಳಿ ಹೋಗುವಾಗ ನೀನು ಯಾರೆಂದು ನನ್ನನ್ನು ಈವರೆಗೆ ಯಾರೂ ಕೇಳಿದ್ದಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಮರೆಯುತ್ತಿದ್ದೆನೋ ಏನೋ. ನಾನು ಬಳಪ ಹಿಡಿಸಿ ಅಕ್ಷರ ತಿದ್ದಿಸಿದವನು ಕೇಳಿದ. ಅಂದಿನಿಂದ ಆ ಬಾಗಿಲನ್ನು ನಾನು ಮುಟ್ಟಲಿಲ್ಲ.

ಮಾರನೆಯ ಸಂಜೆ ನೀನು ಸುತ್ತು ಹಾಕಿ ನನ್ನ ಬೀದಿಬಾಗಿಲಿಗೆ ಬಂದದ್ದು ನಿಜ, ಅದನ್ನು ಮರೆಮಾಚುವವಳಲ್ಲ. ಹೊಸ್ತಿಲ ಆಚೆಯೇ ನಿಂತು, "ಅಕ್ಕ, ಆ ಬಾಗಿಲ ವಿಷಯ..." ಎಂದು ಎಳೆದೆ. ನಾನು ಪತ್ರಿಕೆಯಿಂದ ತಲೆಯೆತ್ತದೆ, "ಏನಿದ್ರೂ ಬರೆದು ಕೊಡು" ಎಂದೆ. ನೀನು "ಸರಿ ಬಿಡು" ಎಂದು ಹೊರಟುಹೋದೆ. ಏನನ್ನೂ ಬರೆದು ಕೊಡಲಿಲ್ಲ. ಉತ್ತರ ಬಾರದಿದ್ದರೆ ಅರ್ಜಿ ತಿರಸ್ಕೃತವಾಯಿತೆಂದೇ ಅರ್ಥ. ನಾನೂ ಹಾಗೆಯೇ ಓದಿಕೊಂಡೆ.

ಆ ಮೇಲೆ ನಾನು ಅಮ್ಮನನ್ನು ನೋಡಿದ್ದು ಸಂಜೆ ಮಾತ್ರ. ನಿನ್ನ ಹೆಂಡತಿ ಬಂದ ಮೇಲೆ ಬೀದಿಯಿಂದ ಬಂದು, ಕರೆಗಂಟೆ ಒತ್ತಿ, ನೆಂಟಳ ಹಾಗೆ ಕುರ್ಚಿಯ ಅಂಚಿನಲ್ಲಿ ಕುಳಿತು, ಚಪ್ಪಲಿ ಮೆಟ್ಟಿಕೊಂಡು ವಾಪಸಾಗುತ್ತಿದ್ದೆ. ಅಮ್ಮ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ಹಗಲೆಲ್ಲ ಅವಳು ಒಬ್ಬಳೇ ಎದ್ದು, ಒಬ್ಬಳೇ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಕೋಲಿನ ಸದ್ದು ನನಗೆ ಕೇಳಿಸುತ್ತಿತ್ತು. ಇಲ್ಲಿ ನಾನು ನಿನ್ನ ಮೇಲೆ ಹೊರಿಸುವ ಮುಖ್ಯ ಆರೋಪವಿದೆ, ನಿಧಾನವಾಗಿ ಓದು. ನಡುಬಾಗಿಲು ತೆರೆದರೆ ನಿನ್ನ ಫೋನಿಗೆ ಸುದ್ದಿ ಬರುತ್ತದೆ. ಅಷ್ಟು ದಿನ ಹಗಲು ಹೊತ್ತಿನಲ್ಲಿ ಒಂದೇ ಒಂದು ಸುದ್ದಿ ಬರಲಿಲ್ಲ. ಅಂದರೆ ಅಕ್ಕ ಬರುತ್ತಿಲ್ಲ, ಅಮ್ಮ ಒಬ್ಬಳೇ ಇದ್ದಾಳೆ ಎಂದು ನಿನಗೆ ದಿನವೂ ತಿಳಿಯುತ್ತಿತ್ತು. ಬಾಗಿಲು ತೆರೆದಾಗ ಕ್ಷಣವೂ ತಡೆಯದೆ ಫೋನು ಮಾಡಿದವನು, ತೆರೆಯದೆ ಇದ್ದಾಗ ಒಂದು ಸಲವೂ ಏಕೆ ಮಾಡಲಿಲ್ಲ? ನಾನು ಕಾದಿದ್ದೆ. ಫೋನನ್ನು ಎದುರಿಗೇ ಇಟ್ಟುಕೊಂಡು ಕಾದಿದ್ದೆ. ಒಂದು ಮಾತು, "ಯಾಕಕ್ಕ ಬರ್ತಿಲ್ಲ" ಎಂಬ ಒಂದೇ ಮಾತು ಬಂದಿದ್ದರೆ ಮಾನ ಮರ್ಯಾದೆಯನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆಸೆದು ಬರುತ್ತಿದ್ದೆ. ಕಳ್ಳರ ಲೆಕ್ಕ ಇಡುವ ಯಂತ್ರ ನಿನ್ನ ಬಳಿ ಇತ್ತು. ಅಕ್ಕ ಬಾರದಿರುವುದನ್ನು ಅದು ಹೇಳುತ್ತಿದ್ದರೂ ನೀನು ಕೇಳಿಸಿಕೊಳ್ಳಲಿಲ್ಲ.

ಇನ್ನು ನಿನ್ನ ಹೆಂಡತಿಯ ಪ್ರಶ್ನೆಗೆ ಬರುತ್ತೇನೆ. ಅಂದು ಮಧ್ಯಾಹ್ನ ಸದ್ದು ಕೇಳಿಸಿತು. ಸ್ಟೀಲ್ ಲೋಟ ಬಿದ್ದು ಉರುಳಿ ಬಂದು ನಡುಬಾಗಿಲಿಗೆ ತಾಗಿ ನಿಂತ ಸದ್ದು. ಅದಕ್ಕೆ ಮೊದಲು ಇನ್ನೊಂದು ಸದ್ದು, ಮೂಟೆಯೊಂದನ್ನು ನೆಲಕ್ಕಿಳಿಸಿದಂತೆ. ನಾನು ಎದ್ದು ನಿಂತೆ. ಬಾಗಿಲವರೆಗೂ ಬಂದೆ. ಏನಾದರೂ ಬಿದ್ದರೆ "ಏನಾಗಿಲ್ಲ ಕಣೇ" ಎಂದಾದರೂ ಕೂಗುವುದು ಅವಳ ರೂಢಿ. ಕರೆಗಾಗಿ ಕಿವಿಗೊಟ್ಟು ನಿಂತೆ. ಕರೆ ಬರಲಿಲ್ಲ. ಬೆಕ್ಕು ಇರಬೇಕೆಂದುಕೊಂಡೆ, ಅಮ್ಮ ನಿದ್ದೆ ಹೋಗಿರಬೇಕೆಂದುಕೊಂಡೆ. ಕರೆಯದ ಕಡೆಗೆ ಹೋಗಿ ಮತ್ತೊಮ್ಮೆ ವಿಚಾರಣೆಗೆ ಒಳಗಾಗುವ ಆಸೆ ನನಗಿರಲಿಲ್ಲ. ವಾಪಸು ಹೋಗಿ ಕುಳಿತೆ. ಸಂಜೆ ನಿನ್ನ ಹೆಂಡತಿ ಬಂದು, ಕಿರುಚಿ, ನಡುಬಾಗಿಲನ್ನು ತಳ್ಳಿ ನನ್ನನ್ನು ಕರೆಯುವವರೆಗೂ ಅಮ್ಮ ಆ ತಣ್ಣನೆಯ ನೆಲದ ಮೇಲೆ ಇದ್ದಳು.

ಆದ್ದರಿಂದ ಅವಳಿಗೆ ಹೀಗೆ ಹೇಳು. ಅತ್ತಿಗೆಗೆ ಸದ್ದು ಕೇಳಿಸಿತು, ಕರೆ ಕೇಳಿಸಲಿಲ್ಲ. ಆ ಬಿಳಿ ಡಬ್ಬಿ ಬಂದ ವಾರದಿಂದ ಅಮ್ಮ ಕರೆಯುವುದನ್ನೇ ನಿಲ್ಲಿಸಿದ್ದಳು. ಏಕೆ ನಿಲ್ಲಿಸಿದಳು ಎಂಬುದನ್ನು ಅತ್ತಿಗೆಯನ್ನಲ್ಲ, ನಿನ್ನ ಗಂಡನ ಫೋನನ್ನು ಕೇಳು.

ಮೇಲೆ ವಿವರಿಸಿದ ಕಾರಣಗಳಿಂದಾಗಿ ನಾನು ನಿನ್ನಲ್ಲಿ ಕೋರುವುದೇನೆಂದರೆ, ಬುಧವಾರ ಆಸ್ಪತ್ರೆಯಿಂದ ಬಿಡುಗಡೆಯಾದ ಕೂಡಲೇ ಅಮ್ಮನನ್ನು ನನ್ನ ಪಾಲಿನ ಮನೆಗೆ ಕರೆತರತಕ್ಕದ್ದು. ನನ್ನ ಬಚ್ಚಲು ಹಿತ್ತಲಿನಲ್ಲಿದೆ, ಮೆಟ್ಟಿಲಿದೆ ಎಂದು ನೀನು ತಕರಾರು ಎತ್ತುವೆ. ಕಮೋಡ್ ಕುರ್ಚಿಯನ್ನು ಮಂಚದ ಪಕ್ಕದಲ್ಲೇ ಇಡಿಸುತ್ತೇನೆ. ಅವಳ ಸೇವೆಗೆ ನನ್ನ ರಟ್ಟೆಯಲ್ಲಿ ಇನ್ನೂ ಕಸುವಿದೆ. ಅಮ್ಮ ನನ್ನ ಕಡೆಗೆ ಬಂದ ಮೇಲೆ ನಡುಬಾಗಿಲಿನಿಂದ ಯಾರಿಗೂ ಪ್ರಯೋಜನವಿಲ್ಲವಾದ್ದರಿಂದ ಅದನ್ನು ಕಿತ್ತು ಇಟ್ಟಿಗೆ ಕಟ್ಟಿಸಿಬಿಡು. ನಿನಗೆ ಎರಡು ಹೊರಬಾಗಿಲು ಸಾಕು. ನೀನು ಅವಳನ್ನು ನೋಡಲು ಬರಬೇಕಾದರೆ ಬೀದಿಯಿಂದ ಬರಬಹುದು; ನನ್ನ ಬಾಗಿಲು ಯಾವಾಗಲೂ ತೆಗೆದೇ ಇರುತ್ತದೆ ಎಂದು ನೀನೇ ಹೇಳಿದ್ದೀಯೆ. ಬಂದವನು ಯಾರೆಂದು ನಾನು ಫೋನು ಮಾಡಿ ಕೇಳುವುದಿಲ್ಲ.

ಇದರ ಮೇಲೆ ನಿನ್ನ ಚಿತ್ತ.

ಇಂತು,
ನಿನಗಿಂತ ಮೊದಲು ಅದೇ ಹೊಟ್ಟೆಯಲ್ಲಿ ಹುಟ್ಟಿದ
ಅಕ್ಕ

ಸಹಿಯ ಕೆಳಗೆ ಬರೆಯುವುದು. ಸೋಮವಾರ.

ಬರೆದದ್ದನ್ನು ಗೀಚಿ ಅಳಿಸುವುದು ನಕಲುಗಾರರ ಪದ್ಧತಿಯಲ್ಲ. ತಪ್ಪು ಕಂಡುಬಂದರೆ ಅಡಿಯಲ್ಲಿ ತಿದ್ದುಪಡಿ ಬರೆದು ಮತ್ತೊಮ್ಮೆ ಸಹಿ ಮಾಡಬೇಕು. ಆದ್ದರಿಂದ ಮೇಲಿನದನ್ನೆಲ್ಲ ಹಾಗೆಯೇ ಬಿಟ್ಟಿದ್ದೇನೆ.

ನಿನ್ನ ಬೀದಿಬಾಗಿಲಿನ ಡಬ್ಬಿಗೆ ಬ್ಯಾಟರಿ ಬದಲಿಸಲು ಇಂದು ಬೆಳಿಗ್ಗೆ ಆ ಫಿಟ್ಟರ್ ಬಂದಿದ್ದ. ನೀವು ಆಸ್ಪತ್ರೆಯಲ್ಲಿದ್ದುದರಿಂದ ಕೀಲಿಯನ್ನು ನನ್ನ ಬಳಿ ಬಿಟ್ಟಿದ್ದಿರಿ, ನಾನೇ ತೆರೆದೆ. ಕೆಲಸ ಮುಗಿಸಿ ಹೊರಟವನಿಗೆ, "ನಡುಬಾಗಿಲದ್ದೂ ನೋಡಿ ಹೋಗಪ್ಪ, ಅದು ಬಹಳ ಮುಖ್ಯವಾದ ಬಾಗಿಲು" ಎಂದು ಕುಟುಕಿದೆ. ಅವನು ಉಗುರಿನಿಂದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಒಳಗೆ ಖಾಲಿ. "ಇದರಲ್ಲಿ ಬ್ಯಾಟರಿನೇ ಇಲ್ವಲ್ಲಮ್ಮ. ಹಾಕಿದ ವಾರಾನೇ ಸಾರ್ ಫೋನ್ ಮಾಡಿದ್ರು. ನಮ್ಮಕ್ಕ ಓಡಾಡೋ ಬಾಗಿಲು ಕಣಪ್ಪ, ನನ್ನದೇ ತಪ್ಪಾಯ್ತು, ಹೇಗೆ ತೆಗೆಯೋದು ಹೇಳು ಅಂದ್ರು. ಫೋನಲ್ಲೇ ಹೇಳ್ಕೊಟ್ಟೆ. ಡಬ್ಬಿ ಕೀಳ್ಬೇಡಿ, ಪೇಂಟ್ ಎದ್ದು ಬರುತ್ತೆ, ಬ್ಯಾಟರಿ ತೆಗೆದ್ರೆ ಸಾಕು ಅಂತ ನಾನೇ ಹೇಳಿದ್ದು" ಎಂದ. ಯಾವ ದಿನ ಎಂದು ಕೇಳಿದೆ. ನೀನು ನನಗೆ ಡಿಪೋದಿಂದ ಫೋನು ಮಾಡಿದ ದಿನದ ಸಂಜೆಯೇ.

ಹಾಗಾದರೆ ನಿನ್ನ ಫೋನು ಸುಮ್ಮನಿದ್ದದ್ದು ನಾನು ಬಾಗಿಲು ತೆರೆಯದೆ ಇದ್ದುದರಿಂದಲ್ಲ. ನಾನು ಎಂದಿನಂತೆ ಹಗಲೆಲ್ಲ ಅಮ್ಮನ ಹತ್ತಿರ ಇದ್ದೇನೆಂದು ನೀನು ನಂಬಿಕೊಂಡಿದ್ದೆ. ಮುಖ್ಯ ಆರೋಪವನ್ನು ಹಿಂತೆಗೆದುಕೊಂಡಿದ್ದೇನೆ.

ಅಮ್ಮ ಕರೆಯುವುದನ್ನು ಏಕೆ ನಿಲ್ಲಿಸಿದಳು ಎಂಬುದು ನಿನ್ನ ಫೋನಿಗೆ ಗೊತ್ತಿಲ್ಲ. ನಿನ್ನ ಫೋನು ಬಂದ ದಿನ ಅವಳನ್ನು ಬಚ್ಚಲಿನಿಂದ ಕರೆತಂದು ಮಲಗಿಸುವಾಗ ನಾನು, "ಇನ್ಮೇಲೆ ನನ್ನನ್ನ ಕರೀಬೇಡ. ನೀನು ಕರೆದಾಗೆಲ್ಲ ನನಗೆ ಕಳ್ಳಿ ಪಟ್ಟ" ಎಂದಿದ್ದೆ. ಬಚ್ಚಲಿಗೆ ಹೋಗ್ಬೇಕಾದ್ರೆ ಎಂದು ಕೇಳಿದಳು. ನಿನ್ನ ಮಗನ್ನ ಕೇಳು ಎಂದೆ. ಅವಳು ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತಲ್ಲ.

ಅಮ್ಮನನ್ನು ನಿನ್ನ ಕಡೆಗೇ ಕರೆತಾ. ಗೋಡೆಯ ಕೋರಿಕೆಯನ್ನೂ ಕೈಬಿಟ್ಟಿದ್ದೇನೆ. ಹಗಲಿಗೆ ಒಬ್ಬ ನರ್ಸನ್ನು ಗೊತ್ತು ಮಾಡು. ನನ್ನ ಮಂಚದ ಪಕ್ಕದಲ್ಲೇ ಮಲಗಿಸಿಕೊಂಡರೂ ಅವಳು ಇನ್ನು ನನ್ನನ್ನು ಕರೆಯುವುದಿಲ್ಲ. ಅದು ನನಗೆ ಹೇಗೆ ಗೊತ್ತೆಂದರೆ, ಮೊನ್ನೆ ನಿನ್ನ ಹೆಂಡತಿ ಬೆಂಚಿನ ಮೇಲೆ ಆ ಪ್ರಶ್ನೆ ಕೇಳಿದಾಗ ನಾನು ಆಗಷ್ಟೇ ಅಮ್ಮನ ವಾರ್ಡಿನಿಂದ ಹೊರಬಂದಿದ್ದೆ. ಮಂಪರು ಇಳಿದು ಕಣ್ಣು ಬಿಟ್ಟವಳು ನನ್ನ ಕೈ ಹಿಡಿದುಕೊಂಡು ಮೊದಲು ಆಡಿದ ಮಾತು ಇದು: "ನಾನು ಕರೀಲಿಲ್ಲ ಕಣೇ. ಬಿದ್ದಾಗ್ಲೂ ಕರೀಲಿಲ್ಲ." ಹೇಳಿ, ಪಾಠ ಒಪ್ಪಿಸಿದ ಮಗುವಿನ ಹಾಗೆ ನನ್ನ ಮುಖ ನೋಡಿದಳು.

ಅಕ್ಕ